ದೋಣಿ ನೀರಿನ ಮೇಲೆ ಇಟ್ಟ ಹಾಗೆ ಕಾಣುತ್ತದೆ, ನೀರಿಗೆ ಇಳಿಯುವುದಿಲ್ಲ: ಕಸಬಾ ಕಡಪ್ಪುರದ ತೈಲಚಿತ್ರಕ್ಕೆ ಸಲಹೆ ಬೇಕು (ಪ್ರತಿ ಬರಹದ ಮೇಲೆ ಬರೆದವರ ಅಡ್ಡಹೆಸರು)

ವಾಚನಾಲಯದ ಗೋಡೆ

36 ಇಂಚು ಅಗಲ, 24 ಇಂಚು ಎತ್ತರದ ಕ್ಯಾನ್‌ವಾಸ್. ತೈಲವರ್ಣ. ಕಾಸರಗೋಡಿನ ಕಸಬಾ ಕಡಪ್ಪುರ ಕಡಲಕರೆಯ ಸಂಜೆ, ಸೂರ್ಯ ಮುಳುಗಲು ಸುಮಾರು ಒಂದು ಗಂಟೆ ಇರುವಾಗಿನ ನೋಟ. ಒಂದು ಫೈಬರ್ ದೋಣಿ ನೀರಿನಲ್ಲಿದೆ, ಅದರಲ್ಲಿ ಇಬ್ಬರು. ಇನ್ನೊಂದನ್ನು ಎಂಟು ಜನ ಹೊಯ್ಗೆಯ (ಮರಳಿನ) ಮೇಲೆ ಏರಿಸುತ್ತಿದ್ದಾರೆ. ಹತ್ತಿರದಲ್ಲಿ ಬಲೆಯ ರಾಶಿ, ಬುಟ್ಟಿ ಹಿಡಿದ ಹೆಂಗಸರು.

ದಿಗಂತದ ಗೆರೆ ಕೆಳಗಿನಿಂದ 15 ಇಂಚಿಗೆ ಇದೆ. ನೀರಿನಲ್ಲಿರುವ ದೋಣಿಯ ಬುಡ ಗೆರೆಯಿಂದ 2 ಇಂಚು ಕೆಳಗೆ, ದೋಣಿಯ ಉದ್ದ 4 ಇಂಚು, ಅದರಲ್ಲಿ ನಿಂತ ಆಳು 2 ಇಂಚು.

ಮೂರು ತೊಂದರೆ: ದೋಣಿ ನೀರಿನ ಮೇಲೆ ಇಟ್ಟ ಆಟಿಕೆಯ ಹಾಗೆ ಕಾಣುತ್ತದೆ. ಜನ ಬೇರೆ ಯಾವುದೋ ಚಿತ್ರದಿಂದ ಕತ್ತರಿಸಿ ಅಂಟಿಸಿದ ಹಾಗಿದ್ದಾರೆ. ನೀರು ಪ್ಲಾಸ್ಟಿಕ್ ಹಾಳೆ. ತೆರೆಗೆ ಇನ್ನಷ್ಟು ಬಿಳಿ ಕೊಟ್ಟರೆ ಸರಿಯಾದೀತೇ?

ಕುಂಬಳೆ ಡ್ರಾಯಿಂಗ್ ಮಾಸ್ಟ್ರು

ಬಿಳಿಯ ಟ್ಯೂಬ್ ಸದ್ಯ ಮುಚ್ಚಿಡಿ. ನೀವು ಕೊಟ್ಟ ಅಳತೆಯಲ್ಲೇ ಕಾಯಿಲೆ ಇದೆ.

ದಿಗಂತ ಎಂದರೆ ನೋಡುವವನ ಕಣ್ಣಿನ ಮಟ್ಟ. ಸಮತಟ್ಟು ನೆಲದಲ್ಲಿ ಯಾವ ವಸ್ತುವಿನ ಬುಡದಿಂದಲಾದರೂ ದಿಗಂತದವರೆಗೆ ಅಳೆದರೆ, ಆ ಅಂತರ ಆ ಜಾಗದಲ್ಲಿ ಕಣ್ಣಿನ ಎತ್ತರಕ್ಕೆ ಸಮ. ಇದೊಂದೇ ಸೂತ್ರ. ಉಳಿದದ್ದು ಭಾಗಾಕಾರ.

ಒಣ ಹೊಯ್ಗೆಯ ಮೇಲೆ ನಿಂತವನ ಕಣ್ಣು ನೆಲದಿಂದ 5 ಅಡಿ ಎಂದಿಟ್ಟುಕೊಳ್ಳಿ. ಅದೇ ಮಟ್ಟದ ನೆಲದಲ್ಲಿ ಒಬ್ಬಳ ಪಾದ ದಿಗಂತದಿಂದ 10 ಇಂಚು ಕೆಳಗಿದ್ದರೆ, ಅಲ್ಲಿ 10 ಇಂಚು ಅಂದರೆ 5 ಅಡಿ. ಐದೂವರೆ ಅಡಿ ಆಳು 11 ಇಂಚು ಆಗಬೇಕು. ಪಾದ ಎರಡೂವರೆ ಇಂಚು ಕೆಳಗಿದ್ದರೆ ಆಳು ಎರಡೂಮುಕ್ಕಾಲು ಇಂಚು. ಇಬ್ಬರ ಕಣ್ಣೂ ಹೆಚ್ಚುಕಡಿಮೆ ದಿಗಂತದ ಗೆರೆಯ ಮೇಲೆಯೇ ಬರುತ್ತದೆ, ಹತ್ತಿರದವಳಾದರೂ ದೂರದವನಾದರೂ. ದೂರ ಹೋದ ಹಾಗೆ ತಲೆಗಳು ಮೇಲೆ ಮೇಲೆ ಏರುತ್ತಾ ಹೋದರೆ ಅದು ಗುಡ್ಡ ಹತ್ತುವ ಮೆರವಣಿಗೆ, ಕಡಲಕರೆ ಅಲ್ಲ.

ನಿಮ್ಮ ನೀರಿನ ದೋಣಿಗೆ ಬನ್ನಿ. ಕಣ್ಣು ನೀರಿನಿಂದ 5 ಅಡಿ ಎತ್ತರ ಎಂದೇ ಹಿಡಿದರೂ 2 ಇಂಚು ಅಂದರೆ 5 ಅಡಿ. ನೀವು ಬರೆದ 4 ಇಂಚಿನ ದೋಣಿ ಹತ್ತೇ ಅಡಿ ಆಯಿತು.

ಶಿರಿಯ ಅಳಿವೆ

ಮಾಸ್ಟ್ರು ಹೇಳಿದ್ದು ಸರಿ, ಆದರೆ ನಮ್ಮ ಕಡಲಕರೆ ಸಮತಟ್ಟಲ್ಲ. ತೆರೆ ಬಂದು ಹೋಗುವ ಜಾಗ ಒಣ ಹೊಯ್ಗೆಗಿಂತ ತಗ್ಗು. ಮಳೆಗಾಲ ಕಳೆದ ಮೇಲಂತೂ ಅಂಚು ಮೆಟ್ಟಿಲು ಕಡಿದ ಹಾಗೆ ಇರುತ್ತದೆ. ನೋಡುವವನ ಕಾಲಿಗಿಂತ ನೀರು 3 ಅಡಿ ತಗ್ಗು ಎಂದು ಹಿಡಿದರೆ, ಅವನ ಕಣ್ಣು ನೀರಿನಿಂದ 8 ಅಡಿ ಮೇಲೆ.

ಈಗ ಲೆಕ್ಕ ಹಾಕಿ. ದೋಣಿಯ ಬುಡ ದಿಗಂತದಿಂದ 2 ಇಂಚು ಕೆಳಗೆ, ಅಂದರೆ 2 ಇಂಚಿಗೆ 8 ಅಡಿ, ಒಂದು ಅಡಿಗೆ ಕಾಲಿಂಚು. 30 ಅಡಿಯ ದೋಣಿ ಅಡ್ಡಕ್ಕೆ ಕಾಣುವಾಗ ಏಳೂವರೆ ಇಂಚು ಆಗಬೇಕು. ನೀವು ಬರೆದದ್ದು 4, ಅಂದರೆ 16 ಅಡಿ. ಅದರಲ್ಲಿ ನಿಂತ ಆಳು ಐದೂವರೆ ಅಡಿಗೆ ಒಂದೂಕಾಲು ಇಂಚು ಮೀರಿ ಸ್ವಲ್ಪ ಇರಬೇಕು. ನೀವು ಬರೆದದ್ದು 2 ಇಂಚು, ಅಂದರೆ 8 ಅಡಿ. ಹದಿನಾರಡಿ ದೋಣಿಯಲ್ಲಿ ಎಂಟಡಿ ಆಳು! ಆಟಿಕೆಯ ಹಾಗೆ ಕಾಣದೆ ಇನ್ನು ಹೇಗೆ ಕಾಣಬೇಕು ಮಾರಾಯ್ರೆ.

ಇನ್ನೊಂದು ಸಂಗತಿ ಇದರಿಂದಲೇ ಸಿಗುತ್ತದೆ. ದೋಣಿಯ ತಳದಲ್ಲಿ ನಿಂತವನ ತಲೆ ನೀರಿನಿಂದ ಸುಮಾರು 6 ಅಡಿ ಮೇಲೆ, ನಿಮ್ಮ ಕಣ್ಣು 8 ಅಡಿ ಮೇಲೆ. ಹಾಗಾಗಿ ಅವನ ತಲೆ ಆಕಾಶದ ಎದುರಲ್ಲ, ನೀರಿನ ಎದುರೇ ಕಾಣಬೇಕು, ದಿಗಂತಕ್ಕಿಂತ ಅರ್ಧ ಇಂಚು ಕೆಳಗೆ. ಮೂತಿಯ ಹಲಗೆ ಹತ್ತಿ ನಿಂತವನ ತಲೆ ಮಾತ್ರ ಗೆರೆಯನ್ನು ತಾಗುತ್ತದೆ. ತಾಗುವುದು ಕಣ್ಣಿಗೆ ಕಿರಿಕಿರಿ. ಅವನನ್ನು ಸ್ವಲ್ಪ ಬಗ್ಗಿಸಿ ಅಥವಾ ಗೆರೆ ದಾಟಿಸಿ.

ವಾಚನಾಲಯದ ಗೋಡೆ

ತೆರೆಯ ಅಂಚಿನಲ್ಲಿ ದೋಣಿ ಎಳೆಯುವವರಿಗೂ ಇದೇ 8 ಅಡಿಯೇ? ಅವರ ಪಾದ ದಿಗಂತದಿಂದ 4 ಇಂಚು ಕೆಳಗಿದೆ.

ಶಿರಿಯ ಅಳಿವೆ

ನೀರಿನಂಚಿನಲ್ಲಿದ್ದರೆ ಹೌದು. 4 ಇಂಚಿಗೆ 8 ಅಡಿ, ಅಡಿಗೆ ಅರ್ಧ ಇಂಚು. ನೆಟ್ಟಗೆ ನಿಂತವ ಎರಡೂಮುಕ್ಕಾಲು ಇಂಚು, ತಲೆ ದಿಗಂತಕ್ಕಿಂತ ಒಂದೂಕಾಲು ಇಂಚು ಕೆಳಗೆ. ನೀರಂಚಿನಿಂದ ನಿಮ್ಮ ಕಡೆಗೆ ಹೊಯ್ಗೆ ಏರುವಲ್ಲಿ 8 ನಿಧಾನವಾಗಿ 5 ಆಗುತ್ತದೆ. ಹತ್ತಿರದ ಹೆಂಗಸರು ನಿಮ್ಮ ಮಟ್ಟದಲ್ಲೇ ಇರುವುದರಿಂದ ಅವರಿಗೆ 5. ಈ ವ್ಯತ್ಯಾಸ ಬಂದರೆ ಬಣ್ಣ ಹಚ್ಚುವ ಮೊದಲೇ ಕರೆಯ ಇಳಿಜಾರು ಕಾಣತೊಡಗುತ್ತದೆ.

ಬೇಕಲ ಕೋಟೆಯ ಮೇಲಿನಿಂದ ನೋಡಿ ಬರೆಯುವವರಿಗೆ ಈ ಅಳತೆ ಯಾವುದೂ ನಡೆಯುವುದಿಲ್ಲ ಎಂಬುದೂ ನೆನಪಿರಲಿ. ಅಲ್ಲಿ ಕಣ್ಣು ಬಹಳ ಎತ್ತರ, ಜನರೆಲ್ಲ ದಿಗಂತಕ್ಕಿಂತ ತುಂಬಾ ಕೆಳಗೆ. ಕೋಟೆಯಿಂದ ತೆಗೆದ ದೋಣಿಯ ಫೋಟೊವನ್ನು ಕರೆಯಿಂದ ಕಾಣುವ ಕಡಲಿಗೆ ಅಂಟಿಸಿದರೆ ದೋಣಿಯ ಒಳಗೆಲ್ಲ ಕಾಣುತ್ತದೆ, ನೀರು ಮಾತ್ರ ಅಡ್ಡಕ್ಕೆ ಮಲಗಿರುತ್ತದೆ. ಇಂಥ ಚಿತ್ರ ಹೋಟೆಲುಗಳ ಗೋಡೆಯಲ್ಲಿ ಬೇಕಾದಷ್ಟು ಉಂಟು.

ಉಪ್ಪಳ ಬೋರ್ಡು

ದೋಣಿ ಬರೆಯಲು ಸುಲಭದ ದಾರಿ: ಮೊದಲು ಪರಿಪ್ರೇಕ್ಷ್ಯದಲ್ಲಿ ಒಂದು ಪೆಟ್ಟಿಗೆ, 30 ಅಡಿ ಉದ್ದ, ಅದರ ಐದನೇ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ಅಗಲ. ಆ ಪೆಟ್ಟಿಗೆಯೊಳಗೆ ಅಡ್ಡ ಮಲಗಿದ ಇಂಗ್ಲಿಷ್ ಎಂಟರ ಆಕಾರ, ಮೂತಿಯ ಕಡೆಯ ಸುತ್ತು ಚೂಪು, ಹಿಂಬದಿಯದು ಅಗಲ. ಆ ಎರಡು ಸುತ್ತು ಕೂಡುವ ಜಾಗದಿಂದ ಮೇಲಿನ ಅಂಚಿನ ಬಾಗು ಎಳೆದರೆ ಎರಡೂ ಬದಿ ಹೊಂದುತ್ತದೆ. ಮೇಲಂಚು ನಡುವೆ ತಗ್ಗಿ ಮೂತಿಯತ್ತ ಏರುತ್ತದೆ. ಇದನ್ನು ಮರೆತರೆ ಬಾನಿ ಆಗುತ್ತದೆ.

ಮತ್ತೆ ಬಣ್ಣದ ವಿಷಯ. ತೈಲವರ್ಣದ ಖರ್ಚು ಜಾಸ್ತಿ. ಆಕಾಶ ಮತ್ತು ನೀರಿಗೆ ಎನಾಮಲ್ ಹಚ್ಚಿ, ಮೇಲಿನ ಕೆಲಸ ತೈಲದಲ್ಲಿ ಮಾಡಿದರೆ ಸಾಕು.

ಕುಂಬಳೆ ಡ್ರಾಯಿಂಗ್ ಮಾಸ್ಟ್ರು

ಎಂಟರ ಆಕಾರಕ್ಕೆ ನೂರಕ್ಕೆ ನೂರು. ಎನಾಮಲ್‌ಗೆ ಸೊನ್ನೆ. ಅಂಗಡಿಯ ಬೋರ್ಡಿಗೆ ಎನಾಮಲ್ ಸರಿ, ಎರಡು ಮೂರು ವರ್ಷಕ್ಕೆ ಮತ್ತೆ ಬರೆಯುತ್ತೀರಿ. ಕ್ಯಾನ್‌ವಾಸ್ ಬಾಗುತ್ತದೆ, ಎನಾಮಲ್ ಗಡುಸಾಗಿ ಒಡೆಯುತ್ತದೆ. ಅದರ ನುಣುಪು ಮೈಗೆ ಮೇಲಿನ ತೈಲ ಹಿಡಿಯುವುದೂ ಇಲ್ಲ. ಖರ್ಚು ಉಳಿಸಬೇಕಾದರೆ ಅಡಿಪದರ ಆಕ್ರಿಲಿಕ್‌ನಲ್ಲಿ ತೆಳುವಾಗಿ ಮಾಡಿ, ಒಣಗಿದ ಮೇಲೆ ತೈಲ. ಆಕ್ರಿಲಿಕ್ ಮೇಲೆ ತೈಲ ಆಗಬಹುದು, ತೈಲದ ಮೇಲೆ ಆಕ್ರಿಲಿಕ್ ಆಗದು, ಸಿಪ್ಪೆ ಎದ್ದುಬರುತ್ತದೆ.

ಉಪ್ಪಳ ಬೋರ್ಡು

ಒಪ್ಪಿದೆ ಮಾಸ್ಟ್ರೇ. ಬೋರ್ಡಿನ ಚಾಳಿ.

ನೀರುಬಣ್ಣದಕ್ಕ, ಮಂಜೇಶ್ವರ

ಗೋಡೆಯವರೇ, ದೋಣಿ ಇಳಿಯದೇ ಇರಲು ಅಳತೆಯೊಂದೇ ಕಾರಣವಲ್ಲ. ಹೊಯ್ಗೆಯ ಮೇಲಿನ ದೋಣಿಯನ್ನು ನೋಡಿ ಪೂರ್ತಿ ಒಡಲು ಬರೆದು, ಅದನ್ನೇ ನೀರಿನ ಮೇಲೆ ಕೂರಿಸಿದ್ದೀರಿ ಅಂತ ನನಗೆ ಗುಮಾನಿ. ನೀರಿನಲ್ಲಿ ದೋಣಿಯ ಕೆಳಭಾಗ ಕಾಣುವುದಿಲ್ಲ. ಬುಡದ ಬಾಗನ್ನು ಅಳಿಸಿ, ನೀರು ಕತ್ತರಿಸುವ ಹೊಸ ಗೆರೆ ಹಾಕಿ. ಆ ಗೆರೆ ಕಣ್ಣಿನ ಮಟ್ಟದಿಂದ ಹೆಚ್ಚು ಕೆಳಗಿರುವುದರಿಂದ ದೋಣಿಯ ಮೇಲಂಚಿಗಿಂತ ಸ್ವಲ್ಪ ಹೆಚ್ಚು ಬಾಗಿರುತ್ತದೆ, ತದ್ವಿರುದ್ಧ ಅಲ್ಲ.

ಆಮೇಲೆ ಆ ಗೆರೆಯನ್ನು ಮುರಿಯಬೇಕು. ಈ ತುದಿಯಿಂದ ಆ ತುದಿಗೆ ಒಂದೇ ಕಪ್ಪು ಗೆರೆ ಎಳೆದರೆ ದೋಣಿ ಅಂಟಿಸಿದ ಚೀಟಿ. ಮೂರು ಕಡೆ ಕಡು, ಎರಡು ಕಡೆ ನೀರಿನ ಬಣ್ಣಕ್ಕೇ ಕರಗಿದ ಅಂಚು, ಒಂದು ಕಡೆ ತುಸು ನೊರೆ. ಎಲ್ಲಕ್ಕಿಂತ ಬಲವಾದ ಉಪಾಯ: ದೋಣಿಯ ಈಚೆ ಒಂದು ತಗ್ಗಿನ ತೆರೆ ಎಬ್ಬಿಸಿ, ಅದರ ಬೆನ್ನು ಒಡಲಿನ ಕಾಲು ಭಾಗವನ್ನು ಮುಚ್ಚಲಿ. ಮುಚ್ಚಿದ ಕೂಡಲೇ ದೋಣಿ ನೀರಿನ ಒಳಗೆ.

ಪ್ರತಿಬಿಂಬದ ಮಾತು. ಒಡಲು ನೀರು ಮುಟ್ಟಿದ ಜಾಗದಿಂದಲೇ ಅದು ಶುರುವಾಗಬೇಕು, ನಡುವೆ ಸಂದು ಬೇಡ. ಕಡು ವಸ್ತುವಿನ ಬಿಂಬ ವಸ್ತುವಿಗಿಂತ ಸ್ವಲ್ಪ ತಿಳಿ, ತಿಳಿ ವಸ್ತುವಿನ ಬಿಂಬ ಸ್ವಲ್ಪ ಕಡು. ಅಲುಗುವ ನೀರಿನಲ್ಲಿ ಬಿಂಬ ಒಡಲಿನ ಎತ್ತರಕ್ಕಿಂತ ಉದ್ದವಾಗಿ ನಮ್ಮ ಕಡೆಗೇ ಜಾರುತ್ತದೆ, ತುಂಡು ತುಂಡಾಗುತ್ತದೆ. ಓರೆ ನಿಂತ ಕಂಬದ ಬಿಂಬವೂ ಓರೆಯೇ. ಬಣ್ಣ ಹಸಿ ಇರುವಾಗಲೇ ಚಪ್ಪಟೆ ಕುಂಚದಿಂದ ನೇರ ಕೆಳಕ್ಕೆ ಎಳೆದು, ಕುಂಚ ಒರೆಸಿ, ಅಡ್ಡಕ್ಕೆ ಎರಡು ಮೂರು ಸಲ ಮುರಿದರೆ ಸಾಕು. ಹತ್ತು ಸಲ ಸವರಿದರೆ ಕೆಸರು.

ವಾಚನಾಲಯದ ಗೋಡೆ

ಗುಮಾನಿ ಸರಿ ಅಕ್ಕಾ. ಪೂರ್ತಿ ಒಡಲು ಬರೆದಿದ್ದೆ. ಪ್ಲಾಸ್ಟಿಕ್ ನೀರಿಗೆ?

ನೀರುಬಣ್ಣದಕ್ಕ, ಮಂಜೇಶ್ವರ

ಫ್ಯಾನ್ ಕುಂಚದಿಂದ ಎಲ್ಲಾ ಅಂಚನ್ನೂ ನಯ ಮಾಡಿದ್ದೀರಾ? ಟ್ಯೂಬಿನ ಅಲ್ಟ್ರಾಮರೀನ್ ನೀಲಿಗೆ ಬಿಳಿ ಬೆರೆಸಿ ಮೇಲಿನಿಂದ ಕೆಳಗೆ ಒಂದೇ ಸಮ ಇಳಿಸಿದ್ದೀರಾ? ಎರಡಕ್ಕೂ ಹೌದು ಎಂದಾದರೆ ಪ್ಲಾಸ್ಟಿಕ್ ಅಲ್ಲಿಂದಲೇ ಬಂತು.

ನೀರಿಗೆ ಸ್ವಂತ ಬಣ್ಣ ಕಡಿಮೆ. ದೂರದಲ್ಲಿ ನಮ್ಮ ನೋಟ ನೀರನ್ನು ಸವರಿಕೊಂಡು ಹೋಗುವುದರಿಂದ ಅದು ಆಕಾಶವನ್ನು ಹಿಂದಿರುಗಿಸುತ್ತದೆ. ಕಾಲ ಬುಡದಲ್ಲಿ ನೋಟ ಒಳಗೆ ಇಳಿಯುತ್ತದೆ, ಕಲಕಿದ ಹೊಯ್ಗೆ ಕಾಣುತ್ತದೆ. ನಮ್ಮತ್ತ ಎದ್ದು ನಿಂತ ತೆರೆಯ ಮುಖವೂ ಹಾಗೆಯೇ: ಅದು ದಿಗಂತದ ಬಳಿಯ ಹೊಳೆವ ಆಕಾಶವನ್ನು ತೋರಿಸುವುದಿಲ್ಲ. ಹಾಗಾಗಿ ಅದು ಚಪ್ಪಟೆ ನೀರಿಗಿಂತ ಕಡು. ಅಡ್ಡ ಮಲಗಿದ ತಿಳಿ ತುಂಡುಗಳು, ನಿಂತ ಕಡು ತುಂಡುಗಳು: ಈ ಎರಡನ್ನು ಬೇರೆ ಬೇರೆ ಇಟ್ಟರೆ ಅರ್ಧ ಕಡಲು ಮುಗಿಯಿತು.

ನಮ್ಮ ಕರೆಯ ನೀರು ಬಾಟಲಿ ನೀಲಿಯಲ್ಲ, ಹೊಯ್ಗೆ ಬೆರೆತ ಹಸಿರು. ನನ್ನ ಅಂದಾಜು: ದಿಗಂತದ ಬಳಿ ಅಲ್ಟ್ರಾಮರೀನ್ 2 ಪಾಲು, ವಿರಿಡಿಯನ್ ಹಸಿರು ಅರ್ಧ ಪಾಲು, ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಅರ್ಧ ಪಾಲು, ಬಿಳಿ ಬೇಕಾದಷ್ಟು. ನಡುವೆ ವಿರಿಡಿಯನ್ ಹೆಚ್ಚಿಸಿ. ಹತ್ತಿರ ರಾ ಸಿಯೆನ್ನಾ ಎಂಬ ಹಳದಿಗಂದು ಸೇರಿಸುತ್ತಾ ಬನ್ನಿ. ವಿರಿಡಿಯನ್ ಇಲ್ಲದೆ ಥೇಲೋ ಗ್ರೀನ್ ಇದ್ದರೆ ಗುಂಡುಸೂಜಿಯ ತಲೆಯಷ್ಟು. ಅದಕ್ಕಿಂತ ಹೆಚ್ಚಾದರೆ ಇಡೀ ಕ್ಯಾನ್‌ವಾಸ್ ಅದರದ್ದೇ ಆಗುತ್ತದೆ, ಉಗುರಿನಿಂದಲೂ ಒಂದು ವಾರ ಹೋಗದು. ಮಳೆಗಾಲದ ಅಳಿವೆ ಬಾಗಿಲಿನಲ್ಲಿ ನೀರು ಕೆಂಪು ಕಂದು, ಹೊಳೆಯ ಮುರಮಣ್ಣಿನಿಂದ. ನಿಮ್ಮ ಚಿತ್ರದಲ್ಲಿರುವುದು ಕಡಲು, ಅಳಿವೆಯಲ್ಲ, ಅದಕ್ಕೆ ಆ ಬಣ್ಣ ಬೇಡ.

ವಾಚನಾಲಯದ ಗೋಡೆ

ನೊರೆ?

ನೀರುಬಣ್ಣದಕ್ಕ, ಮಂಜೇಶ್ವರ

ಸೂರ್ಯ ತೆರೆಯ ಹಿಂದಿದ್ದಾನೆ. ಅಂದರೆ ನಮಗೆ ಕಾಣುವ ನೊರೆ ನೆರಳಿನ ಬದಿ. ಅದು ಬಿಳಿಯಲ್ಲ, ನೇರಳೆ ಛಾಯೆಯ ಬೂದು: ಬಿಳಿಗೆ ಅಲ್ಟ್ರಾಮರೀನ್, ಬರ್ನ್ಟ್ ಸಿಯೆನ್ನಾ ತುಸು ತುಸು. ಒಂದು ಬಿಳಿ ಕಾಗದದ ಚೂರನ್ನು ಚಿತ್ರದ ಪಕ್ಕ ಹಿಡಿದು ನೋಡಿ, ನಿಮ್ಮ ನೊರೆ ಕಾಗದಕ್ಕಿಂತ ಎಷ್ಟು ಕಡು ಅಂತ. ಕಡು ಆಗಿರದಿದ್ದರೆ ತಪ್ಪು. ಮೇಲಂಚಿನಲ್ಲಿ ಮಾತ್ರ ಬೆಚ್ಚನೆಯ ಬಿಳಿ, ಒಂದಿಷ್ಟು ಹಳದಿ ಸೇರಿಸಿ, ದಪ್ಪವಾಗಿ, ಕೊನೆಯ ದಿನ.

ತೆರೆ ಮಗುಚುವ ಮೊದಲು ಶಿಖರದ ಕೆಳಗಿನ ನೀರು ತೆಳ್ಳಗಾಗುತ್ತದೆ, ಹಿಂದಿನ ಬೆಳಕು ಅದರ ಮೂಲಕ ಬರುತ್ತದೆ. ಅಲ್ಲಿ ಹಳದಿ ಹಸಿರು. ಆ ಕಿಟಕಿ ಇಡೀ ಚಿತ್ರದಲ್ಲಿ ಒಂದೋ ಎರಡೋ ಕಡೆ ಸಾಕು. ರಷ್ಯದ ಕಡಲ ಚಿತ್ರಕಾರ ಐವಜೋವ್‌ಸ್ಕಿಯ 1850ರ ‘ಒಂಬತ್ತನೆಯ ತೆರೆ’ಯಲ್ಲಿ ಅದನ್ನು ಎಲ್ಲಿಟ್ಟಿದ್ದಾನೆ, ಎಲ್ಲಿ ಇಟ್ಟಿಲ್ಲ ನೋಡಿ. ತೆರೆ ಎಲ್ಲಿ ಬೇಕಾದರೂ ಮಗುಚುವುದಿಲ್ಲ ಎಂಬುದೂ ಗಮನದಲ್ಲಿರಲಿ. ನೀರಿನ ಆಳ ತೆರೆಯ ಎತ್ತರದ ಸುಮಾರು 1.3 ಪಟ್ಟು ಆದಾಗ ಒಡೆಯುತ್ತದೆ. ಮೂರಡಿ ತೆರೆ ಸುಮಾರು ನಾಲ್ಕಡಿ ನೀರಿನಲ್ಲಿ. ಸೊಂಟದ ನೀರಿನಲ್ಲಿ ನಿಂತವನ ಆಚೆ ಮೂರಡಿ ತೆರೆ ಒಡೆಯುತ್ತಿದ್ದರೆ ಸರಿ, ಅವನ ಈಚೆ ಕಾಲಗಂಟಿನ ನೀರಿನಲ್ಲಿ ಅಷ್ಟೇ ಎತ್ತರದ ತೆರೆ ಎದ್ದಿದ್ದರೆ ಸುಳ್ಳು.

ಪಡುವಣ ಬೆಳಕು

ಬೆಳಕಿನ ಲೆಕ್ಕ ಯಾರೂ ಎತ್ತಲಿಲ್ಲ. ಕಾಸರಗೋಡಿನಲ್ಲಿ ಕಡಲು ಪಡುವಣಕ್ಕೆ. ಬೆಳಿಗ್ಗೆ ಬೆಳಕು ನಮ್ಮ ಬೆನ್ನಿನಿಂದ ಬಂದು ದೋಣಿಯ ಬಣ್ಣಗಳನ್ನು ತೋರಿಸುತ್ತದೆ, ಸಂಜೆ ಎದುರಿನಿಂದ ಬಂದು ನುಂಗುತ್ತದೆ. ನಿಮ್ಮದು ಸಂಜೆ. ಹಾಗಿದ್ದೂ ದೋಣಿಗೆ ಟ್ಯೂಬಿನಿಂದ ತೆಗೆದ ಕೆಂಪು ಹಳದಿ ಹಚ್ಚಿದ್ದರೆ, ಜನ ‘ಅಂಟಿಸಿದ ಹಾಗೆ’ ಕಾಣಲು ಅದೂ ಕಾರಣ. ಬೆಳಗಿನ ಫೋಟೊದಿಂದ ದೋಣಿ, ಸಂಜೆಯ ಫೋಟೊದಿಂದ ಆಕಾಶ, ಹೀಗೇ ತಾನೇ ಆಗುವುದು?

ಮುಳುಗಲು ಒಂದು ಗಂಟೆ ಇದ್ದಾಗ ಸೂರ್ಯ ದಿಗಂತದಿಂದ ಸುಮಾರು 14 ಡಿಗ್ರಿ ಮೇಲೆ. ನೆರಳು ವಸ್ತುವಿನ ಎತ್ತರದ ನಾಲ್ಕು ಪಟ್ಟು. ಅರ್ಧ ಗಂಟೆ ಇದ್ದಾಗ ಎಂಟು ಪಟ್ಟು. ದಿಕ್ಕು ಹೀಗೆ: ಸೂರ್ಯನಿಂದ ನೇರ ಕೆಳಗೆ, ದಿಗಂತದ ಗೆರೆಯ ಮೇಲೆ ಒಂದು ಚುಕ್ಕಿ ಇಡಿ. ಅಲ್ಲಿಂದ ಪ್ರತಿಯೊಬ್ಬರ ಪಾದಕ್ಕೆ ದಾರ ಹಿಡಿದು ಮುಂದುವರಿಸಿ. ಅದೇ ನೆರಳಿನ ದಾರಿ. ಎಡಗಡೆಯವರ ನೆರಳು ಎಡಕ್ಕೆ, ಬಲಗಡೆಯವರದು ಬಲಕ್ಕೆ ಬಿಚ್ಚಿಕೊಳ್ಳುತ್ತದೆ. ಎಲ್ಲವೂ ಒಂದೇ ಓರೆಯಲ್ಲಿದ್ದರೆ ತಪ್ಪು.

ನೀರಿನ ಮೇಲಿನ ಬೆಳಕಿನ ಪಟ್ಟಿ ಹಾಗಲ್ಲ, ಅದು ಸೂರ್ಯನ ನೇರ ಕೆಳಗೆ, ಲಂಬವಾಗಿ. ಓರೆ ಬರೆದ ಪಟ್ಟಿಗಳನ್ನು ಕ್ಯಾಲೆಂಡರುಗಳಲ್ಲಿ ನೋಡಬಹುದು. ದೂರದಲ್ಲಿ ಕೂಡಿಕೊಂಡ ಒಂದೇ ಹೊಳಪು, ಹತ್ತಿರ ಬರುತ್ತಾ ಬಿಡಿ ಚೂರು. ಪಟ್ಟಿಯ ಎದುರು ಬಂದ ದೋಣಿಯ ಅಂಚನ್ನು ಬೆಳಕು ತಿನ್ನುತ್ತದೆ, ಅಲ್ಲಿ ಗೆರೆ ಗಟ್ಟಿ ಇರಬಾರದು.

ಒದ್ದೆ ಹೊಯ್ಗೆಯಲ್ಲಿ ನೆರಳು ಮಸುಕು, ಬಿಂಬವೇ ಮುಖ್ಯ. ಒಣ ಹೊಯ್ಗೆಯಲ್ಲಿ ಬಿಂಬವಿಲ್ಲ, ನೆರಳೇ ಎಲ್ಲ. ಒಬ್ಬನೇ ವ್ಯಕ್ತಿಗೆ ಎರಡನ್ನೂ ಗಟ್ಟಿಯಾಗಿ ಕೊಟ್ಟರೆ ಅವನಿಗೆ ನಾಲ್ಕು ಕಾಲು.

ಮೊಬೈಲ್ ಫೋಟೊದ ಮೂರು ಮೋಸ. ಅಗಲ ಲೆನ್ಸ್ ದೂರದ ದೋಣಿಯನ್ನು ಸಣ್ಣದಾಗಿ, ಹತ್ತಿರದ ಕಾಲನ್ನು ದೊಡ್ಡದಾಗಿ ತೋರಿಸುತ್ತದೆ. ಸಂಜೆಯ ಎದುರು ಬೆಳಕಿನಲ್ಲಿ ಜನರನ್ನು ಇದ್ದಿಲು ಮಾಡುತ್ತದೆ, ಆದರೆ ಕಣ್ಣಿಗೆ ಆ ನೆರಳಿನೊಳಗೂ ಬಣ್ಣ ಕಾಣುತ್ತದೆ. ಮೂರನೆಯದು, ರಚನೆಗೆ ಅನುಕೂಲ ಎಂದು ಫೋಟೊ ಎಡಬಲ ಮಗುಚಿದರೆ ಒಡಲಿನ ಮೇಲಿನ ನೋಂದಣಿ ಅಕ್ಷರ, ಮೂತಿಯ ಮಲಯಾಳಂ ಹೆಸರು ಎಲ್ಲ ಕನ್ನಡಿಬರಹ ಆಗುತ್ತದೆ. ಬಣ್ಣ ಒಣಗಿದ ಮೇಲೆ ಯಾರೋ ಹುಡುಗ ತೋರಿಸಿಕೊಡುತ್ತಾನೆ.

ಕುಂಬಳೆ ಡ್ರಾಯಿಂಗ್ ಮಾಸ್ಟ್ರು

ನೆರಳಿನೊಳಗಿನ ಬಣ್ಣಕ್ಕೆ ಚಿತ್ರಕಾರ ಸೊರೋಯಾ ಅವರನ್ನು ನೋಡಬೇಕು. ಸ್ಪೇನಿನ ವಲೆನ್ಸಿಯ ಕರೆಯಲ್ಲಿ ಎತ್ತುಗಳು ದೋಣಿ ಎಳೆಯುವ 1894ರ ದೊಡ್ಡ ಚಿತ್ರ ಪ್ಯಾರಿಸಿನ ಆರ್ಸೆ ಮ್ಯೂಸಿಯಂನಲ್ಲಿದೆ. ನೆರಳು ಎಂದರೆ ಕಪ್ಪು ಎಂಬ ಭ್ರಮೆ ಅದನ್ನು ನೋಡಿದರೆ ಬಿಡುತ್ತದೆ. ಕಪ್ಪು ಟ್ಯೂಬ್ ಬೇಡವೇ ಬೇಡ. ಅಲ್ಟ್ರಾಮರೀನ್ 2, ಬರ್ನ್ಟ್ ಅಂಬರ್ ಕಂದು 1: ಇದೇ ಸಾಕಷ್ಟು ಕಡು. ಅಂಬರ್ ಹೆಚ್ಚಿಸಿದರೆ ಬೆಚ್ಚಗೆ, ನೀಲಿ ಹೆಚ್ಚಿಸಿದರೆ ತಣ್ಣಗೆ.

ಮೈಬಣ್ಣಕ್ಕೆ ಇಲ್ಲಿ ಬರ್ನ್ಟ್ ಸಿಯೆನ್ನಾ, ತುಸು ಅಲ್ಟ್ರಾಮರೀನ್. ಹೆಗಲು, ಕಿವಿ, ಮೊಣಕೈಯ ಅಂಚಿನಲ್ಲಿ ಕಿತ್ತಳೆ ಬೆಳಕಿನ ನೂಲು. ಆ ನೂಲು ಸುತ್ತಲೂ ಬೇಡ, ಅಲ್ಲಲ್ಲಿ. ತಲೆ 1 ಸೆಂಟಿಮೀಟರಿಗಿಂತ ಸಣ್ಣದಾದರೆ ಕಣ್ಣು ಮೂಗು ಬರೆಯಬೇಡಿ. ಎರಡೂಮುಕ್ಕಾಲು ಇಂಚಿನ ಆಳಿಗೆ ತಲೆ ಹೆಚ್ಚುಕಡಿಮೆ ಅಷ್ಟೇ, ಏಳರಲ್ಲಿ ಒಂದು ಪಾಲು. ಹೊಸಬರು ತಲೆ ದೊಡ್ಡದು ಮಾಡುತ್ತಾರೆ, ಕೂಡಲೇ ಆಳು ಮಗುವಾಗುತ್ತಾನೆ. ತಲೆ ಸಣ್ಣದಾದರೂ ಪರವಾಗಿಲ್ಲ.

ಎಂಟು ಜನರನ್ನು ಎಂಟಾಗಿ ಬರೆಯಬೇಡಿ. ಮೂರು ಗುಂಪು: ನಾಲ್ವರು ಒಂದಕ್ಕೊಂದು ಮರೆಯಾಗಿ, ಮೂವರು ಆಚೆ ಬದಿಯಲ್ಲಿ ತಲೆ ಮಾತ್ರ ಕಾಣುವ ಹಾಗೆ, ಒಬ್ಬ ಬಿಡಿ.

ಶಿರಿಯ ಅಳಿವೆ

ಆ ಬಿಡಿ ಒಬ್ಬನಿಗೆ ಕೆಲಸ ಕೊಡಿ. ದೋಣಿಯಡಿಯ ಉರುಳುಮರ ಹಿಂದಿನಿಂದ ಹೊರಬಂದ ಕೂಡಲೇ ಎತ್ತಿ ಮುಂದಕ್ಕೆ ತಂದು ಇಡುವವ ಅವನು. ಹೊಯ್ಗೆಯ ಮೇಲೆ ಬರೀ ಎಳೆದರೆ ದೋಣಿ ಹೂತುಕೊಳ್ಳುತ್ತದೆ. ಉರುಳುಮರವಿಲ್ಲದೆ ದೋಣಿ ಏರಿಸುವ ಚಿತ್ರ ನೋಡಿದರೆ ಕಡಲಕರೆಯವರು ನಗುತ್ತಾರೆ.

ನೂಕುವವನ ಮೈ ನೆಟ್ಟಗಿರುವುದಿಲ್ಲ. ಹಿಂದಿನ ಕಾಲಿನ ಹಿಮ್ಮಡಿಯಿಂದ ಹೆಗಲಿನವರೆಗೆ ಒಂದೇ ಓರೆ ಗೆರೆ, ಹಿಮ್ಮಡಿ ಹೊಯ್ಗೆಯಲ್ಲಿ ಹೂತಿದೆ, ಹೆಗಲು ಒಡಲಿಗೆ ಆನಿದೆ, ತಲೆ ಕೆಳಗೆ. ಅಂಗೈ ಮಾತ್ರ ತಾಗಿಸಿ ನೆಟ್ಟಗೆ ನಿಂತರೆ ಅವನು ದೋಣಿಗೆ ಆಶೀರ್ವಾದ ಮಾಡುತ್ತಿದ್ದಾನೆ. ಹಗ್ಗ ಎಳೆಯುವವರು ಹಿಂದಕ್ಕೆ ಓಲುತ್ತಾರೆ, ಹಗ್ಗ ಬಿಗಿ ಇದ್ದರೆ ನೇರ ಗೆರೆ, ಸಡಿಲ ಇದ್ದರೆ ಬಾಗು. ಆಳು ಓಲಿದ್ದು, ಹಗ್ಗ ಬಾಗಿದ್ದು ಎರಡೂ ಒಟ್ಟಿಗೆ ಆಗದು.

ಬಟ್ಟೆ: ಮಡಚಿ ಕಟ್ಟಿದ ಲುಂಗಿ ಅಥವಾ ಚಡ್ಡಿ, ತಲೆಗೆ ಬೈರಾಸು (ಟವೆಲು). ಲುಂಗಿಯ ಕೆಳಗಿನ ಭಾಗ ಒದ್ದೆಯಾಗಿ ಕಡು, ತೊಡೆಗೆ ಅಂಟಿದೆ. ಹೊಯ್ಗೆಗೆ ಬರುವಾಗ ಎಂಜಿನ್ ಮೇಲಕ್ಕೆ ಓರೆಯಾಗಿ ಎತ್ತಿರಬೇಕು ಅಥವಾ ಕಳಚಿರಬೇಕು. ರೆಕ್ಕೆ ನೆಲ ಉಜ್ಜುವ ಹಾಗೆ ಇಳಿಬಿಟ್ಟು ಬರೆಯಬೇಡಿ.

ಇನ್ನು ಬಲೆ. ಕಣ್ಣು ಕಣ್ಣು ಎಣಿಸಿ ಗೆರೆ ಎಳೆಯಬೇಡಿ. ಮೊದಲು ರಾಶಿಯ ಕಡು ಗುಪ್ಪೆ, ಅದರ ಮೇಲೆ ಒಣ ಕುಂಚವನ್ನು ಹಗುರಕ್ಕೆ ಓರೆಯಾಗಿ ಉಜ್ಜಿ ನೀಲಿ ಹಸಿರು, ಆಮೇಲೆ ತೇಲುಬೆಂಡುಗಳ ಸಾಲು. ಆ ಸಾಲೇ ರಾಶಿಯ ಉಬ್ಬುತಗ್ಗು ಹೇಳುತ್ತದೆ.

ಹಕ್ಕಿ ಬೇಕಾದರೆ ಮೀನಿನ ರಾಶಿಯ ಮೇಲೆ ಗರುಡ, ಕಾಗೆ, ನೀರಂಚಿನಲ್ಲಿ ಬೆಳ್ಳಕ್ಕಿ. ಗರುಡನ ತಲೆ ಎದೆ ಬಿಳಿ, ರೆಕ್ಕೆ ಕಾವಿ. ವಿದೇಶಿ ಚಿತ್ರ ನೋಡಿ ಬಿಳಿ ಕಡಲಹಕ್ಕಿ ತುಂಬಿಸುವುದು ಬೇಡ. ಅವು ಇಲ್ಲಿಗೆ ಚಳಿಗಾಲದ ನೆಂಟರು.

ಪಡುವಣ ಬೆಳಕು

ಕಾಲದ ಮಾತು ಬಂದದ್ದರಿಂದ ಒಂದು ಮಾತು: ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ ಕೇರಳದಲ್ಲಿ ಟ್ರಾಲಿಂಗ್ (ದೊಡ್ಡ ಬೋಟು ಬಲೆ ಎಳೆದು ಮೀನು ಹಿಡಿಯುವುದು) ನಿಷೇಧ. ಮಳೆಗಾಲದ ಮೋಡದ ಕಡಲಿನ ಚಿತ್ರದಲ್ಲಿ ದೊಡ್ಡ ಟ್ರಾಲ್ ಬೋಟುಗಳ ಸಾಲು ಇಡಬೇಡಿ. ಸೂರ್ಯನೂ ಒಂದೇ ಕಡೆ ಮುಳುಗುವುದಿಲ್ಲ. ಡಿಸೆಂಬರಿನಲ್ಲಿ ಪಡುವಣಕ್ಕಿಂತ ಸಾಕಷ್ಟು ತೆಂಕಕ್ಕೆ, ಅಂದರೆ ಕಡಲಿಗೆ ಮುಖ ಮಾಡಿದರೆ ಎಡಕ್ಕೆ.

ವಾಚನಾಲಯದ ಗೋಡೆ

ಹೊಸದಾಗಿ ಶುರು ಮಾಡುವುದೇ ಸರಿ ಅನಿಸುತ್ತದೆ. ಪದರಗಳ ಕ್ರಮ ಹೇಳಿ ಮಾಸ್ಟ್ರೇ. ಹಳೆಯ ಕ್ಯಾನ್‌ವಾಸ್ ಮಳೆಗಾಲದಲ್ಲಿ ಸಡಿಲಾಗಿ ಹಿಂದೆ ಬೂಸಲು ಕೂಡ ಬಂದಿದೆ.

ಕುಂಬಳೆ ಡ್ರಾಯಿಂಗ್ ಮಾಸ್ಟ್ರು

ಮೊದಲು ಬೂಸಲು. ವರ್ಷಕ್ಕೆ 3000 ಮಿ.ಮೀ. ಮೀರಿ ಮಳೆ ಬೀಳುವ ಊರಿನಲ್ಲಿ ಕ್ಯಾನ್‌ವಾಸನ್ನು ಗೋಡೆಗೆ ಅಂಟಿಸಿ ತೂಗುಹಾಕಬಾರದು. ಚೌಕಟ್ಟಿನ ಹಿಂದೆ ನಾಲ್ಕು ಮೂಲೆಗೆ ಅರ್ಧ ಇಂಚಿನ ಬಿರಡೆ ಅಂಟಿಸಿ, ಗಾಳಿ ಆಡಲಿ. ಮೂಲೆಯ ಮರದ ಬೆಣೆಗಳನ್ನು ಮೆಲ್ಲಗೆ ಬಡಿದರೆ ಸಡಿಲು ಹೋಗುತ್ತದೆ, ನೀರು ಚಿಮುಕಿಸಿ ಬಿಗಿ ಮಾಡಬೇಡಿ. ಉಪ್ಪುಗಾಳಿಗೆ ಕಬ್ಬಿಣದ ಪಿನ್ನು ತುಕ್ಕು ಹಿಡಿದು ಬಟ್ಟೆ ಕತ್ತರಿಸುತ್ತದೆ, ಸ್ಟೇನ್‌ಲೆಸ್ ಸ್ಟೀಲ್ ಅಥವಾ ತಾಮ್ರದ್ದು ಹಾಕಿ. ಬಟ್ಟೆಯೇ ಬೇಡ ಎಂದಾದರೆ 6 ಮಿ.ಮೀ. ಮೆರೈನ್ ಪ್ಲೈವುಡ್, ಎರಡೂ ಮುಖಕ್ಕೆ ಪ್ರೈಮರ್, ಚಿತ್ರದ ಮುಖಕ್ಕೆ ಜೆಸ್ಸೊ (ಬಣ್ಣ ಹಿಡಿಯಲು ಹಚ್ಚುವ ಬಿಳಿ ಲೇಪ) ಮೂರು ಕೋಟು, ನಡುವೆ 220ರ ಉಜ್ಜುಕಾಗದ. ಒಂದೇ ಮುಖಕ್ಕೆ ಹಚ್ಚಿದರೆ ಹಲಗೆ ಡೊಂಕಾಗುತ್ತದೆ.

ಕ್ರಮ: ಬರ್ನ್ಟ್ ಸಿಯೆನ್ನಾವನ್ನು ಟರ್ಪೆಂಟೈನ್‌ನಲ್ಲಿ ಚಹಾದಷ್ಟು ತೆಳು ಮಾಡಿ ಇಡೀ ಮೈಗೆ ಸವರಿ ಒರೆಸಿ. ಬಿಳಿ ಮೈಯಲ್ಲಿ ಟೋನ್ (ಕಡು ತಿಳಿಯ ಮಟ್ಟ) ತಪ್ಪುತ್ತದೆ, ಎಲ್ಲವೂ ಕಡು ಎಂದೇ ತೋರುತ್ತದೆ. ಮರುದಿನ ದಿಗಂತ. ಎಡ ಬಲ ಎರಡೂ ಅಂಚಿನಲ್ಲಿ ಸ್ಕೇಲ್‌ನಿಂದ 15 ಇಂಚು ಗುರುತಿಸಿ, ಕಣ್ಣಂದಾಜು ಬೇಡ. ಒಂದು ನೂಲಷ್ಟು ವಾಲಿದರೂ ಕಡಲು ಸೋರುತ್ತದೆ. ಟೇಪ್ ಹಚ್ಚುವುದಾದರೆ ಅಂಚನ್ನು ಉಗುರಿನಿಂದ ಒತ್ತಿ, ಬಣ್ಣ ಹಸಿ ಇರುವಾಗಲೇ ಕೀಳಿ, ಆಮೇಲೆ ಮೆತ್ತನೆ ಕುಂಚದಿಂದ ಗೆರೆಯನ್ನು ಅಲ್ಲಲ್ಲಿ ಮಸುಕು ಮಾಡಿ. ಗೆರೆ ನೇರ ಇರಬೇಕು, ಹರಿತ ಇರಬಾರದು.

ಮೊದಲ ಪದರದಲ್ಲಿ ಮೂರೇ ಟೋನ್: ಆಕಾಶ ತಿಳಿ, ನೀರು ಹೊಯ್ಗೆ ನಡು, ದೋಣಿ ಜನ ಕಡು. ಹತ್ತಡಿ ದೂರದಿಂದ ಕಣ್ಣು ಕಿರಿದು ಮಾಡಿ ನೋಡಿದರೆ ಕತೆ ಅರ್ಥವಾಗಬೇಕು. ಆಗದಿದ್ದರೆ ಮುಂದೆ ಹೋಗಬೇಡಿ. ಈ ಪದರಕ್ಕೆ ಟರ್ಪೆಂಟೈನ್ ಮಾತ್ರ, ಎಣ್ಣೆ ಬೇಡ. ಎರಡನೆಯದಕ್ಕೆ ಅಗಸೆಣ್ಣೆ ಕೆಲವು ಹನಿ, ಮೂರನೆಯದಕ್ಕೆ ಇನ್ನಷ್ಟು. ತಿರುವುಮುರುವಾದರೆ, ಕೆಳಗೆ ಎಣ್ಣೆ ಹೆಚ್ಚಾಗಿ ಮೇಲೆ ಕಡಿಮೆಯಾದರೆ, ಮೇಲಿನದು ಮೊದಲು ಒಣಗಿ ಬಿರಿಯುತ್ತದೆ.

ಒಣಗುವುದು ಬಣ್ಣದ ಮೇಲೂ ಇದೆ. ಅಂಬರ್ ತೆಳುವಾಗಿ ಹಚ್ಚಿದರೆ ಎರಡು ಮೂರು ದಿನ, ಟೈಟಾನಿಯಮ್ ಬಿಳಿ ದಪ್ಪವಿದ್ದರೆ ವಾರ ಮೀರುತ್ತದೆ, ಮಳೆಗಾಲದಲ್ಲಿ ಇನ್ನೂ ಹೆಚ್ಚು. ಅದಕ್ಕೇ ದಪ್ಪ ನೊರೆ ಕೊನೆಗೆ. ಒಣಗಲೆಂದು ಕತ್ತಲ ಕೋಣೆಯಲ್ಲಿಟ್ಟರೆ ಅಗಸೆಣ್ಣೆ ಹಳದಿಯಾಗುತ್ತದೆ. ಬೆಳಕಿರುವ ಕೋಣೆಯಲ್ಲಿ, ನೇರ ಬಿಸಿಲು ತಾಗದ ಕಡೆ ಇಡಿ. ಕೊನೆಯ ವಾರ್ನಿಷ್‌ಗೆ ಆರು ತಿಂಗಳಾದರೂ ಬೇಕು.

ಉಪ್ಪಳ ಬೋರ್ಡು

ಹಗ್ಗ, ಎಂಜಿನ್ ಹಿಡಿ, ದೂರದ ಕಂಬ ಇದಕ್ಕೆಲ್ಲ ಬೋರ್ಡಿನವರ ಉದ್ದ ಕೂದಲಿನ ಕುಂಚ ತೆಗೆದುಕೊಳ್ಳಿ. ಬಣ್ಣವನ್ನು ಶಾಯಿಯಷ್ಟು ತೆಳು ಮಾಡಿ, ಬೆರಳಿನಿಂದಲ್ಲ, ಇಡೀ ತೋಳಿನಿಂದ ಒಂದೇ ಉಸಿರಿಗೆ ಎಳೆಯಿರಿ. ಕಿರುಬೆರಳನ್ನು ಆಸರೆಗೆ ಹಿಡಿದ ಕೋಲಿನ ಮೇಲೆ ಊರಿದರೆ ಕೈ ನಡುಗದು. ಇದಕ್ಕೆ ಮಾಸ್ಟ್ರು ಸೊನ್ನೆ ಕೊಡಲಾರರು.

ವಾಚನಾಲಯದ ಗೋಡೆ

ಪೆನ್ಸಿಲಿನಲ್ಲಿ ತಿದ್ದಿದೆ. ನೀರಿನ ದೋಣಿ ಏಳೂವರೆ ಇಂಚು, ಒಳಗಿನ ಇಬ್ಬರು ದಿಗಂತದ ಕೆಳಗೆ, ಈಚೆಗೆ ಒಂದು ತೆರೆ. ಉರುಳುಮರ ಮೂರು. ಈಗ ನೀರಿನ ದೋಣಿ ದೊಡ್ಡದಾಗಿ, ಏರಿಸುತ್ತಿರುವ ದೋಣಿಯ ಮೂತಿಗೆ ಅದರ ಹಿಂಬದಿ ತಾಗುತ್ತಿದೆ. ಯಾವುದನ್ನು ಸರಿಸಲಿ?

ನೀರುಬಣ್ಣದಕ್ಕ, ಮಂಜೇಶ್ವರ

ನೀರಿನ ದೋಣಿಯನ್ನು ದಿಗಂತದತ್ತ ಅರ್ಧ ಇಂಚು ತಳ್ಳಿ. ಬುಡ ಒಂದೂವರೆ ಇಂಚು ಕೆಳಗೆ ಬಂದರೆ ಉದ್ದ ಐದೂವರೆ ಇಂಚು ಮೀರಿ ಸ್ವಲ್ಪ ಆಗುತ್ತದೆ, ಜಾಗ ಸಿಗುತ್ತದೆ. ಒಳಗಿನ ಇಬ್ಬರನ್ನೂ ಅದೇ ಲೆಕ್ಕದಲ್ಲಿ ಸಣ್ಣ ಮಾಡಲು ಮರೆಯಬೇಡಿ, ಒಂದು ಇಂಚಿಗೆ ಬಂದು ನಿಲ್ಲುತ್ತಾರೆ.

ಶಿರಿಯ ಅಳಿವೆ

ಈಚೆಯ ತೆರೆಯನ್ನೂ ದೋಣಿಯ ಜೊತೆಗೇ ಸರಿಸಿ. ಇಲ್ಲದಿದ್ದರೆ ಅದು ಯಾವ ದೋಣಿಯನ್ನೂ ಮುಚ್ಚದೆ ಸುಮ್ಮನೆ ನಿಂತಿರುತ್ತದೆ.